ನಾನು ಬೀಗ ಹಾಕಿಟ್ಟ ಮಾತ್ರೆಗಳು

ಹೊಸದಾಗಿ ನರ್ಸಿಂಗ್ ಮುಗಿಸಿದ ಹುಡುಗಿಯರು ಆಗಾಗ ಕಡಿಯಾಳಿಯ ನಮ್ಮ ಮನೆಗೆ ಬರುತ್ತಾರೆ. ಚಾ ಕುಡಿಯುತ್ತಾ "ಸಿಸ್ಟರ್, ನಿಮ್ಮ ಅನುಭವ ಹೇಳಿ" ಅನ್ನುತ್ತಾರೆ. ನಾನು ಹೇಳಲು ಶುರು ಮಾಡಿದ ಎರಡನೇ ನಿಮಿಷಕ್ಕೆ ಮೊಬೈಲ್ ನೋಡುತ್ತಾರೆ. ಹಾಗಾಗಿ ಬರೆದೇ ಇಡುತ್ತಿದ್ದೇನೆ. ಓದಿದರೆ ಓದಲಿ, ಬಿಟ್ಟರೆ ಬಿಡಲಿ. ನನ್ನ ಹೆಸರು ಸೆವ್ರಿನ್. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಡುಪಿಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡಿದೆ. ಅದರಲ್ಲಿ ಹೆಚ್ಚಿನ ಕಾಲ ಗಂಡಸರ ಜನರಲ್ ವಾರ್ಡಿನ ಇನ್‌ಚಾರ್ಜ್. ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಗೆ ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಈ ಬರಹದಲ್ಲಿ ಅದರದ್ದೂ ಪಾಲು ಉಂಟು.

ನಮ್ಮ ವಾರ್ಡಿನಲ್ಲಿ ಹದಿನೆಂಟು ಮಂಚ. ಮದ್ದಿನ ಟ್ರಾಲಿ ದಿನಕ್ಕೆ ಮೂರು ಸಲ ಹೊರಡುತ್ತಿತ್ತು: ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟು. ರೋಗಿ ಮನೆಯಿಂದ ಏನೇ ಮದ್ದು ತಂದಿರಲಿ, ದಾಖಲಾದ ಕೂಡಲೇ ಅದನ್ನು ಕೈಚೀಲ ಸಮೇತ ತೆಗೆದುಕೊಂಡು, ಹೆಸರು ಬರೆದು, ಕಪಾಟಿನಲ್ಲಿಟ್ಟು ಬೀಗ ಹಾಕಬೇಕು. ಚಾರ್ಟಿನಲ್ಲಿ ಡಾಕ್ಟರು ಬರೆದದ್ದನ್ನು ಮಾತ್ರ ಕೊಡಬೇಕು, ಬರೆಯದ್ದು ಇಲ್ಲ. ನನಗಿಂತ ಮೊದಲು ಇದ್ದ ಇನ್‌ಚಾರ್ಜ್ ಸಿಸ್ಟರ್ ಇದನ್ನು ನನ್ನ ತಲೆಗೆ ಹೊಡೆದು ತುಂಬಿಸಿದ್ದರು. ಅವರದ್ದೂ ತಪ್ಪಲ್ಲ. ಒಬ್ಬ ಅಜ್ಜ ನಾವು ಕೊಟ್ಟ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಮನೆಯಿಂದ ತಂದದ್ದನ್ನೂ ಒಟ್ಟಿಗೆ ನುಂಗಿ, ಪ್ರಜ್ಞೆ ತಪ್ಪಿ ಬಿದ್ದು, ಉಳಿದದ್ದೇ ಪುಣ್ಯ. ಆಮೇಲೆ ಆ ಕಪಾಟಿನ ಕೀಲಿಕೈ ನನ್ನ ಸೊಂಟ ಬಿಟ್ಟು ಇಳಿಯಲಿಲ್ಲ.

ಪಾರ್ಕಿನ್ಸನ್ ಅಂದರೆ ಕೈ ನಡುಗುವ ಕಾಯಿಲೆ, ಅಷ್ಟೇ ಎಂದು ನಾನು ಎಷ್ಟೋ ವರ್ಷ ತಿಳಿದಿದ್ದೆ. ಮಿದುಳಿನಲ್ಲಿ ಡೋಪಮಿನ್ ಎಂಬ ಒಂದು ವಸ್ತು ಕಡಿಮೆಯಾಗುತ್ತದೆ, ಲೆವೊಡೋಪಾ ಮಾತ್ರೆ ಅದನ್ನು ತುಂಬಿಸಿಕೊಡುತ್ತದೆ ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಒಂದು ಮಾತ್ರೆಯ ಬಲ ಮೂರು ಗಂಟೆಯೋ ನಾಲ್ಕು ಗಂಟೆಯೋ ಇರುತ್ತದೆ, ಆಮೇಲೆ ಮನುಷ್ಯ ಇದ್ದಲ್ಲೇ ಬಿಗಿದುಕೊಳ್ಳುತ್ತಾನೆ ಎಂಬುದನ್ನು ಕಣ್ಣಾರೆ ನೋಡುವವರೆಗೆ ಅದು ಬರೀ ಪುಸ್ತಕದ ಮಾತಾಗಿತ್ತು.

ಈ ಮದ್ದುಗಳ ಉಪದ್ರವೂ ಚಿಲ್ಲರೆಯದ್ದಲ್ಲ. ಕಾರ್ಕಳದಿಂದ ಒಬ್ಬರು ಬರುತ್ತಿದ್ದರು, ಕಲ್ಲುಕೋರೆಯಲ್ಲಿ ಮೇಸ್ತ್ರಿಯಾಗಿದ್ದವರು, ಬೀಡಿಯ ಚಟವೂ ಇಲ್ಲದ ಮನುಷ್ಯ. ಅವರಿಗೆ ಲೆವೊಡೋಪಾದ ಜೊತೆಗೆ ಅದೇ ಕೆಲಸ ಮಾಡುವ ಇನ್ನೊಂದು ಜಾತಿಯ ಮಾತ್ರೆ ಶುರು ಮಾಡಿದ್ದರು. ನಾಲ್ಕು ತಿಂಗಳಲ್ಲಿ ಮನುಷ್ಯ ಕೋಳಿ ಅಂಕಕ್ಕೆ, ಅಂದರೆ ಕೋಳಿ ಕಾಳಗದ ಜೂಜಿಗೆ ಬಿದ್ದರು. ಮನೆಯ ಜಗಲಿಯಲ್ಲಿ ಹನ್ನೊಂದು ಅಂಕದ ಕೋಳಿ ಕಟ್ಟಿದ್ದರು, ಮಾರಾಯ್ರೆ! ಹೆಂಡತಿ ಯಾರೋ ಮಾಟ ಮಾಡಿದ್ದಾರೆ ಎಂದು ಮಂತ್ರವಾದಿಗಳ ಮನೆ ಹುಡುಕುತ್ತಿದ್ದರು. ನಾನು ಗಂಡನ ಬಿಪಿ ನೋಡುವಾಗ ನನ್ನ ಹತ್ತಿರ ಅತ್ತು ಹೇಳಿಕೊಂಡರು. ನಾನು ಡಾಕ್ಟರಿಗೆ ಹೇಳಿದೆ. ಅವರು ಆ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು, ಕೋಳಿಯ ಹುಚ್ಚೂ ಇಳಿಯಿತು. ಇನ್ನೊಬ್ಬರಿಗೆ ಕೋಣೆಯ ಮೂಲೆಯಲ್ಲಿ ಮಕ್ಕಳು ಕೂತ ಹಾಗೆ ಕಾಣುತ್ತಿತ್ತು. ಅವರು ಅದನ್ನು ಯಾರಿಗೂ ಹೇಳದೆ, ದಿನಾ ಆ ಮಕ್ಕಳಿಗೆಂದು ಒಂದು ಬಿಸ್ಕಿಟ್ ತೆಗೆದಿಡುತ್ತಿದ್ದರು. ನಾವು ಕೇಳದಿದ್ದರೆ ಯಾರೂ ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಾಚಿಕೆಯಾಗುತ್ತದೆ. ಆದ್ದರಿಂದ ಕೇಳಿ.

ನೋಡಿ, ನಾನು ಸುತ್ತು ಹೊಡೆಯುತ್ತಿದ್ದೇನೆ. ಇವೆಲ್ಲ ನನಗೆ ಬುದ್ಧಿ ಬಂದ ಮೇಲಿನ ಕಥೆಗಳು. ಬುದ್ಧಿ ಹೇಗೆ ಬಂತು ಎಂಬುದನ್ನು ಇನ್ನು ಹೇಳುತ್ತೇನೆ.

ಶೀನಣ್ಣ ಕಾಪುವಿನವರು. ಇಪ್ಪತ್ತೈದು ವರ್ಷ ಮೀನುಗಾರಿಕೆ ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಎಂಜಿನಿನ ಸದ್ದಿನ ಮೇಲೆ ಕೂಗಿ ಹೇಳಿದರೆ ಪಕ್ಕದ ಬೋಟಿನವರಿಗೂ ಕೇಳುತ್ತಿತ್ತಂತೆ. ನಮ್ಮಲ್ಲಿಗೆ ಬರುವಾಗ ಆ ಸ್ವರ ಪಿಸುಮಾತಾಗಿತ್ತು, ಮುಖ ಮರದ ಹಾಗೆ ಅಲ್ಲಾಡದಾಗಿತ್ತು. ಎರಡೂ ಕಾಯಿಲೆಯ ಕೊಡುಗೆ. ಒಂದು ಸೋಮವಾರ ಬೆಳಿಗ್ಗೆ ಮಂಚದಿಂದ ಗಡಿಬಿಡಿಯಲ್ಲಿ ಎದ್ದು, ತಲೆ ತಿರುಗಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ದಾಖಲಾದರು. ಎದ್ದು ನಿಂತ ಕೂಡಲೇ ಬಿಪಿ ಇಳಿಯುವುದು ಕೂಡ ಈ ಮಾತ್ರೆಯ ಒಂದು ಉಪದ್ರ. ಮರುದಿನ ಬೆಳಿಗ್ಗೆ ಆಪರೇಷನ್ ಎಂದು ನಿಗದಿಯಾಯಿತು.

ಅವರ ಹೆಂಡತಿ ಜಲಜಕ್ಕ, ಮೀನು ಮಾರುವವರು. ನಾನು ಕೈಚೀಲ ಕೇಳಿದಾಗ ಮಾತ್ರೆಯ ಹಾಳೆಗಳನ್ನು ಎದೆಗೆ ಒತ್ತಿ ಹಿಡಿದುಕೊಂಡರು.

"ಇದು ನನ್ನತ್ರ ಇರ್ಲಿ ಸಿಸ್ಟರೇ. ಇವರಿಗೆ ಆರು, ಒಂಬತ್ತು, ಹನ್ನೆರಡು, ಮೂರು, ಆರು, ಒಂಬತ್ತು, ಹೀಗೆ ಕೊಡ್ಲಿಕ್ಕೆ ಉಂಟು. ಹೊತ್ತು ತಪ್ಪಿದ್ರೆ ಮನುಷ್ಯ ಅಲ್ಲಾಡುವುದಿಲ್ಲ. ಮೀನು ತಿಂದ ಮೇಲೆ ಕೊಟ್ರೂ ಹಿಡಿಯುವುದಿಲ್ಲ, ಅರ್ಧ ಗಂಟೆ ಮೊದ್ಲೇ ಕೊಡ್ಬೇಕು."

"ಇಲ್ಲಿ ಎಂಟು, ಎರಡು, ಎಂಟು" ಎಂದೆ. "ನಿಮ್ಮ ಮನೆಯ ಗಡಿಯಾರ ಇಲ್ಲಿ ನಡೆಯುವುದಿಲ್ಲ."

ಮೀನು ಮಾರುವ ಹೆಂಗಸು ನನಗೆ ಮದ್ದು ಕಲಿಸಲು ಬಂದಿದ್ದಾರೆ ಎಂದು ನನಗೆ ಕಂಡದ್ದು ನಿಜ. ಮೀನು, ಬೇಳೆಯೊಳಗಿನ ಪ್ರೋಟೀನ್ ಸತ್ವ ಈ ಮಾತ್ರೆಯ ದಾರಿಗೆ ಅಡ್ಡ ಬರುತ್ತದೆ, ಅದಕ್ಕೇ ಊಟಕ್ಕೆ ಮೊದಲು ಕೊಡಬೇಕು ಎಂಬುದನ್ನು ಆಕೆ ಗಂಡನ ಕೈಕಾಲು ನೋಡಿಯೇ ಕಂಡುಕೊಂಡಿದ್ದರು. ನಾನು ಮಾತ್ರೆಗಳನ್ನು ತೆಗೆದುಕೊಂಡು ಬೀಗ ಹಾಕಿದೆ. ಮಧ್ಯಾಹ್ನ ಎರಡಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು ಕೊಟ್ಟೆವು. ರಾತ್ರಿ ಹತ್ತರ ನಂತರ ಬಾಯಿಗೆ ಏನೂ ಕೊಡಕೂಡದು, ಬಾಯಿಯ ಮದ್ದುಗಳೆಲ್ಲ ಬಂದ್ ಎಂದು ಡಾಕ್ಟರು ಚಾರ್ಟಿನಲ್ಲಿ ಗೀಟು ಎಳೆದು ಬರೆದರು.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಅವರನ್ನು ಥಿಯೇಟರಿಗೆ ಕಳಿಸಬೇಕು ಅನ್ನುವಾಗ, ಮಂಚದ ಕೆಳಗೆ ಒಂದು ಸ್ಟೀಲಿನ ಲೋಟ ಸಿಕ್ಕಿತು. ತಳದಲ್ಲಿ ಗಂಜಿ ತಿಳಿ. ಕೇಳಿದರೆ ಜಲಜಕ್ಕ ತಲೆ ತಗ್ಗಿಸಿದರು. ಸೆರಗಿನ ಗಂಟಿನಲ್ಲಿ ಒಂದು ಮಾತ್ರೆ ಉಳಿಸಿಕೊಂಡಿದ್ದರು. ಆರು ಗಂಟೆಗೆ ಅದನ್ನು ಕೊಟ್ಟಿದ್ದರು. ಬರಿ ಹೊಟ್ಟೆಗೆ ನೀರಿನಲ್ಲಿ ಕೊಟ್ಟರೆ ವಾಂತಿಯಾಗುತ್ತದೆ ಎಂದು ಅರ್ಧ ಲೋಟ ಗಂಜಿ ತಿಳಿಯನ್ನೂ ಕುಡಿಸಿದ್ದರು. ಅರಿವಳಿಕೆ ಡಾಕ್ಟರು ಹೊಟ್ಟೆಯಲ್ಲಿ ಗಂಜಿ ಇರುವಾಗ ತಾನು ಮುಟ್ಟುವುದಿಲ್ಲ ಎಂದರು. ಆಪರೇಷನ್ ಬುಧವಾರಕ್ಕೆ ಹೋಯಿತು.

ಸರ್ಜನ್ ನನ್ನನ್ನು ಬೈದರು. ನಾನು ಜಲಜಕ್ಕನನ್ನು ಬೈದೆ. ಬೈದದ್ದು ಅಂದರೆ ಮೂಲೆಗೆ ಕರೆದು ಅಲ್ಲ. ವಾರ್ಡಿನ ನಡುವೆ ನಿಂತು, ಹದಿನೆಂಟು ಮಂಚಕ್ಕೂ ಅವರ ಮನೆಯವರಿಗೂ ಕೇಳುವ ಹಾಗೆ.

"ನಿಮಗೆ ಹೇಳಿದ್ರೆ ಅರ್ಥ ಆಗುವುದಿಲ್ವಾ? ಗಂಡನನ್ನು ಬದುಕಿಸ್ಲಿಕ್ಕೆ ಬಂದದ್ದಾ, ಕೊಲ್ಲಲಿಕ್ಕೆ ಬಂದದ್ದಾ? ನಾಳೆ ಇವರಿಗೆ ಏನಾದ್ರೂ ಆದ್ರೆ ಅದು ನಿಮ್ಮ ಕೈಯಿಂದ, ನೆನಪಿಟ್ಟುಕೊಳ್ಳಿ!"

ಆಕೆ ಲೋಟ ಎತ್ತಿಕೊಂಡು ತೊಳೆಯಲು ಹೋದರು. ಮಧ್ಯಾಹ್ನ ಶೀನಣ್ಣನಿಗೆ ಊಟ ಕೊಟ್ಟೆವು. ಆಗ ಜಲಜಕ್ಕ ಮೆಲ್ಲಗೆ ಬಂದು, "ಊಟ ಕೊಟ್ರಲ್ಲ ಸಿಸ್ಟರೇ, ಮಾತ್ರೆ?" ಎಂದರು. ನಾನು ಚಾರ್ಟ್ ನೋಡಿದೆ. ಬಾಯಿಯ ಮದ್ದೆಲ್ಲ ಬಂದ್ ಎಂದು ಎಳೆದ ಗೀಟು ಹಾಗೇ ಇತ್ತು. ಆಪರೇಷನ್ ಮುಂದೆ ಹೋದಾಗ ಊಟ ಪುನಃ ಶುರು ಮಾಡಿ ಎಂದು ಡಾಕ್ಟರು ಬರೆದಿದ್ದರು, ಮಾತ್ರೆ ಪುನಃ ಬರೆಯಲು ಮರೆತಿದ್ದರು. ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ನಾನು ಮಾಡಲಿಲ್ಲ. ಬೆಳಿಗ್ಗಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಚಾರ್ಟಿನಲ್ಲಿ ಇಲ್ಲ" ಎಂದೆ.

ಬುಧವಾರ ಆಪರೇಷನ್ ಚೆನ್ನಾಗಿಯೇ ಆಯಿತು. ಚಾರ್ಟಿನ ಗೀಟು ಮಾತ್ರ ಹಾಗೇ ಉಳಿದಿತ್ತು. ಸಂಜೆ ವಾಂತಿ ಶುರುವಾಯಿತು. ಆಪರೇಷನ್ ಆದ ಎಲ್ಲರಿಗೂ ಕೊಡುವ ವಾಂತಿಯ ಇಂಜೆಕ್ಷನ್ ಒಂದಿತ್ತು, ಮೆಟೊಕ್ಲೊಪ್ರಮೈಡ್. ಗುರುವಾರ ಬೆಳಿಗ್ಗೆಯೊಳಗೆ ಮೂರು ಸಲ ಕೊಟ್ಟೆವು. ಪಾರ್ಕಿನ್ಸನ್ ಇದ್ದವರಿಗೆ ಅದು ವಿಷ ಎಂದು ವಾರ್ಡಿನಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಉಳಿದಿದ್ದ ಅಷ್ಟಿಷ್ಟು ಡೋಪಮಿನ್‌ನ ಬಾಗಿಲನ್ನೂ ಅದು ಮುಚ್ಚುತ್ತದೆ.

ಗುರುವಾರ ಡ್ಯೂಟಿಗೆ ಬಂದಾಗ ಶೀನಣ್ಣನಿಗೆ ನೂರನಾಲ್ಕು ಜ್ವರ. ಬಟ್ಟೆ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಕಣ್ಣು ತೆರೆದೇ ಇತ್ತು, ಮಾತಿಲ್ಲ. ಸೋಂಕು ಎಂದರು, ದೊಡ್ಡ ಆ್ಯಂಟಿಬಯೋಟಿಕ್ ಹತ್ತಿಸಿದರು. ಜಲಜಕ್ಕ ಮಂಚದ ಕಾಲುಗಡೆ ನೆಲದಲ್ಲಿ ಕೂತು, ಗಂಡನ ಎರಡೂ ಪಾದ ಹಿಡಿದುಕೊಂಡಿದ್ದರು. "ನನ್ನಿಂದ ಆದದ್ದು, ನನ್ನಿಂದ ಆದದ್ದು" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ನಾನು ಅದನ್ನು ಕೇಳಿಯೂ ಕೇಳದ ಹಾಗೆ ಕೆಲಸ ಮಾಡಿದೆ. ಹೌದು, ನಿಮ್ಮಿಂದಲೇ ಎಂದು ಮನಸ್ಸಿನೊಳಗೆ ಹೇಳಿಯೂ ಇದ್ದೆ.

ಮಧ್ಯಾಹ್ನ ಶೀನಣ್ಣ ತೊದಲುತ್ತಾ, ಬಿಗಿದ ಬೆರಳುಗಳಲ್ಲೇ ಗ್ಲೂಕೋಸಿನ ನಳಿಗೆ ಎಳೆಯಲು ನೋಡಿದರು. ಡ್ಯೂಟಿಯಲ್ಲಿದ್ದ ಹೊಸ ಡಾಕ್ಟರು ಹಾಲೊಪೆರಿಡಾಲ್ ಎಂಬ ಇಂಜೆಕ್ಷನ್ ಬರೆದರು, ಗಲಾಟೆ ಮಾಡುವವರನ್ನು ಸುಮ್ಮನಾಗಿಸುವಂಥದ್ದು. ನಾನು ಸಿರಿಂಜಿಗೆ ಎಳೆದುಕೊಂಡೆ. ತೋಳು ಹಿಡಿದು ಮಡಿಸಲು ನೋಡಿದೆ. ಮಡಿಸಲಾಗಲಿಲ್ಲ.

ಜ್ವರದ ರೋಗಿಗಳನ್ನು ನಾನು ಸಾವಿರಗಟ್ಟಲೆ ಮುಟ್ಟಿದ್ದೇನೆ. ಸೋಂಕಿನ ಜ್ವರ ಬಂದವರ ಕೈ ಸೋತು ಬೀಳುತ್ತದೆ. ಇವರದ್ದು ಕಬ್ಬಿಣದ ಸಲಾಕೆ. ಕುತ್ತಿಗೆ ಮುಟ್ಟಿದೆ, ಅದೂ ಹಾಗೇ. ಕಾಲೂ ಹಾಗೇ. ಹೊತ್ತು ತಪ್ಪಿದರೆ ಮನುಷ್ಯ ಅಲ್ಲಾಡುವುದಿಲ್ಲ ಎಂದು ಜಲಜಕ್ಕ ಸೋಮವಾರವೇ ಹೇಳಿದ್ದರು. ಸಿರಿಂಜನ್ನು ಟ್ರೇಯಲ್ಲಿಟ್ಟೆ.

"ಎಂತ ಸಿಸ್ಟರ್? ಕೊಡಿ" ಎಂದರು ಡಾಕ್ಟರು.

"ಕೊಡುವುದಿಲ್ಲ."

"ಇಲ್ಲಿ ಡಾಕ್ಟರು ನೀವಾ, ನಾನಾ?"

"ನೀವೇ. ಒಂದು ಫೋನ್ ಮಾಡ್ಲಿಕ್ಕೆ ಬಿಡಿ. ಆಮೇಲೆ ನನ್ನನ್ನು ಕೆಲಸದಿಂದ ತೆಗೆಸಿ ಬೇಕಾದ್ರೆ."

ಮಣಿಪಾಲದಿಂದ ವಾರಕ್ಕೊಂದು ಸಲ ನಮ್ಮಲ್ಲಿಗೆ ಬರುವ ನರರೋಗದ ಡಾಕ್ಟರಮ್ಮ ಒಬ್ಬರಿದ್ದರು. ಶೀನಣ್ಣನಿಗೆ ಮಾತ್ರೆ ಬರೆದುಕೊಟ್ಟವರೂ ಅವರೇ. ಮೂರು ಸಲ ರಿಂಗಾಗಿ ಕಟ್ಟಾಯಿತು. ನಾಲ್ಕನೇ ಸಲ ಎತ್ತಿದರು. ನಾನು ಜ್ವರ, ಬಿಗಿತ, ಬೆವರು ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಲೆವೊಡೋಪಾ ಕೊನೆಯ ಡೋಸ್ ಯಾವಾಗ ಹೋಗಿದೆ?"

"ಮಂಗಳವಾರ ಬೆಳಿಗ್ಗೆ ಆರಕ್ಕೆ ಮೇಡಂ. ಅದೂ ನಾವು ಕೊಟ್ಟದ್ದಲ್ಲ. ಹೆಂಡತಿ ಕದ್ದು ಕೊಟ್ಟದ್ದು."

"ಮಂಗಳ, ಬುಧ, ಗುರು" ಎಂದು ಅವರು ಆ ಕಡೆ ಎಣಿಸಿದ್ದು ಕೇಳಿಸಿತು.

"ಸಿಸ್ಟರ್, ಎರಡು ದಿನ ಮೇಲಾಯ್ತು. ನಿಮ್ಮ ವಾರ್ಡಿನಲ್ಲಿ ಸರಿಯಾಗಿ ಆದ ಕೆಲಸ ಹೆಂಡತಿ ಕದ್ದು ಕೊಟ್ಟದ್ದೊಂದೇ. ಡಾಕ್ಟರಿಗೆ ಫೋನ್ ಕೊಡಿ. ಮೂಗಿನಿಂದ ನಳಿಗೆ ಹಾಕಿ, ಮಾತ್ರೆ ಪುಡಿ ಮಾಡಿ ಈಗಿಂದೀಗ ಕೊಡಿ. ವಾಂತಿಯ ಆ ಇಂಜೆಕ್ಷನ್ ಇನ್ನು ಮುಟ್ಟಬಾರದು. ನಾನು ಹೊರಟೆ."

ಸೊಂಟದ ಕೀಲಿಕೈ ಬಿಚ್ಚಿ ಕಪಾಟಿನ ಬೀಗ ತೆಗೆದೆ. ಹೊಸ ಡಾಕ್ಟರು ಫೋನ್ ಇಟ್ಟವರೇ ಮುಖ ಬಿಳಿಚಿಕೊಂಡು, ತಾವೇ ನಳಿಗೆ ಹಾಕಿದರು. ನಾನು ಮಾತ್ರೆ ಪುಡಿ ಮಾಡಿ, ನೀರಿನಲ್ಲಿ ಕದಡಿ ಇಳಿಸಿದೆ. ಗ್ಲೂಕೋಸು, ತಣ್ಣೀರು ಬಟ್ಟೆ, ಕಂಕುಳಲ್ಲಿ ಐಸು. ಮೂರು ಗಂಟೆಗೆ ಒಂದು ಡೋಸ್, ಆರಕ್ಕೆ ಒಂದು, ಒಂಬತ್ತಕ್ಕೆ ಒಂದು. ಮಾಂಸಖಂಡಗಳು ಕರಗಿ ಮೂತ್ರಪಿಂಡ ಕೆಡಬಹುದು, ಜೀವ ಹೋಗಲೂಬಹುದು ಎಂದು ಡಾಕ್ಟರಮ್ಮ ಬಂದು ನೋಡಿ ಹೇಳಿದರು. ನಾನು ಮನೆಗೆ ಹೋಗಲಿಲ್ಲ. ಶುಕ್ರವಾರ ಬೆಳಿಗ್ಗೆ ಶೀನಣ್ಣನ ಬಲಗೈಯ ಹೆಬ್ಬೆರಳು ಮಡಿಸಿದರೆ ಮಡಿಯಿತು. ನಾನು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಇಲ್ಲಿ ನಿಮಗೊಂದು ಮಾತು. ಪಾರ್ಕಿನ್ಸನ್ ರೋಗಿ ಬಂದರೆ ಮೊದಲು ಕೇಳಬೇಕಾದ್ದು ಮಾತ್ರೆಯ ಹೊತ್ತು, ಕೇಳಬೇಕಾದವರು ಮನೆಯವರು. ಆಮೇಲೆ ನಮ್ಮ ವಾರ್ಡಿನಲ್ಲಿ ಅಂಥವರ ಚಾರ್ಟಿಗೆ ಕೆಂಪು ಕಾಗದ ಅಂಟಿಸತೊಡಗಿದೆವು. ಅವರ ಮಾತ್ರೆ ಕಪಾಟಿಗೆ ಹೋಗುತ್ತಿರಲಿಲ್ಲ, ಮಂಚದ ಬದಿಯಲ್ಲೇ ಇರುತ್ತಿತ್ತು, ಟ್ರಾಲಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆಪರೇಷನ್ ಇದ್ದರೂ ಒಂದು ಗುಟುಕು ನೀರಿನಲ್ಲಿ ಕೊಡಬಹುದೇ ಎಂದು ಅರಿವಳಿಕೆ ಡಾಕ್ಟರನ್ನು ಕೇಳುತ್ತಿದ್ದೆವು. ಹೆಚ್ಚಾಗಿ ಹೌದು ಅನ್ನುತ್ತಿದ್ದರು. ಜಲಜಕ್ಕನಿಗೆ ಆವತ್ತು ಯಾರಾದರೂ ಈ ಒಂದು ಮಾತು ಹೇಳಿದ್ದರೆ ಗಂಜಿ ತಿಳಿ ಬರುತ್ತಿರಲಿಲ್ಲ, ಆಪರೇಷನ್ನೂ ನಿಲ್ಲುತ್ತಿರಲಿಲ್ಲ.

ಹೇಳಬೇಕಾದ್ದು ಅದಲ್ಲ. ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಜ್ವರ ಇಳಿಯಿತು, ಶೀನಣ್ಣ ನೀರು ನುಂಗಿದರು. ಜಲಜಕ್ಕ ಕಾಲುಗಡೆಯಿಂದ ಏಳಲಿಲ್ಲ. ಬಂದ ನೆಂಟರಿಗೆಲ್ಲ, "ನಾನು ಕದ್ದು ಮಾತ್ರೆ ಕೊಟ್ಟು ಹೀಗಾಯ್ತು" ಎಂದು ತಾವೇ ಹೇಳುತ್ತಿದ್ದರು. ಶೀನಣ್ಣನ ತಂಗಿ, "ಓದು ಬಾರದವರು ಡಾಕ್ಟರಾಗ್ಲಿಕ್ಕೆ ಹೊರಟ್ರೆ ಹೀಗೇ" ಎಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ವಾರ್ಡಿನಲ್ಲಿ ಎಲ್ಲರೂ ಆಕೆಯನ್ನು ಒಂಥರಾ ನೋಡುತ್ತಿದ್ದರು. ನನಗೆ ನಿಜ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ನಮ್ಮ ಸೂಪರಿಂಟೆಂಡೆಂಟ್ ನನ್ನನ್ನು ಕರೆದು ಬಾಗಿಲು ಮುಚ್ಚಿದರು. "ಪೇಷೆಂಟ್ ಹುಷಾರಾಗ್ತಾ ಇದ್ದಾರಲ್ಲ ಸಿಸ್ಟರ್. ಇನ್ನು ಎಂತಕ್ಕೆ ಕೆದಕುವುದು? ಕೇಸು ಗೀಸು ಅಂತ ಹೊರಟ್ರೆ ಮೊದಲು ಹೋಗುವುದು ನಿಮ್ಮ ಕೆಲಸ." ಅವರು ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿದ್ದೆ. ನನ್ನ ಸಂಬಳದಲ್ಲೇ ಮನೆ ನಡೆಯುತ್ತಿದ್ದ ಕಾಲ ಅದು. ಭಾನುವಾರ ಬೆಳಿಗ್ಗೆ ಇಗರ್ಜಿಗೆ ಹೋದೆ. ಪಾದ್ರಿಯವರ ಹತ್ತಿರ ಹೇಳಿಕೊಂಡು ಹಗುರಾಗೋಣ ಎಂದು ಪಾಪನಿವೇದನೆಯ ಸಾಲಿನಲ್ಲಿ ನಿಂತೂ ಇದ್ದೆ. ನನ್ನ ಸರದಿ ಬರುವಾಗ ಛೀ ಅನ್ನಿಸಿತು. ಇವರ ಹತ್ತಿರ ಹೇಳಿದರೆ ಆ ಹೆಂಗಸಿಗೆ ಎಂತ ಸಿಕ್ಕಿತು? ಅಲ್ಲಿಂದಲೇ ಆಟೋ ಹತ್ತಿ ವಾರ್ಡಿಗೆ ಬಂದೆ.

ಜಲಜಕ್ಕನನ್ನು ಹೊರಗೆ ವರಾಂಡಕ್ಕೆ ಕರೆದು ಹೇಳಿದೆ. ಮಾತ್ರೆ ಕೊಟ್ಟದ್ದರಿಂದ ಅಲ್ಲ, ಕೊಡದೆ ಇದ್ದದ್ದರಿಂದ ಹೀಗಾಯಿತು ಎಂದೆ. ಆಪರೇಷನ್ ಒಂದು ದಿನ ಮುಂದೆ ಹೋದದ್ದು ಗಂಜಿಯಿಂದ ಸರಿ, ಆದರೆ ಜೀವಕ್ಕೆ ಬಂದದ್ದು ನಾನು ಬೀಗ ಹಾಕಿದ್ದರಿಂದ, ಕೇಳಬೇಕಾದ್ದನ್ನು ಕೇಳದೆ ಇದ್ದದ್ದರಿಂದ, ಮತ್ತೆ ನಾವು ಕೊಟ್ಟ ಇಂಜೆಕ್ಷನ್‌ನಿಂದ ಎಂದೆ. ಆಕೆ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನನ್ನತ್ರ ಅಲ್ಲ ಸಿಸ್ಟರೇ. ಅವರತ್ರ ಹೇಳಿ" ಎಂದರು. "ಮೂರು ದಿನ ಅವರ ಕಾಲು ಹಿಡಿದು ತಪ್ಪಾಯ್ತು ಅಂತ ಹೇಳಿದ್ದೇನೆ. ಅವರು ಹಾಗೆಯೇ ಅಂತ ನಂಬಿದ್ದಾರೆ."

ನಾನು ಹೋಗಿ ಶೀನಣ್ಣನ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದೆ. ಸ್ವರ ತಗ್ಗಿಸಿಯೇ ಹೇಳಿದೆ, ಯಾಕೆಂದರೆ ಪಕ್ಕದ ಮಂಚದವರು ಕಿವಿ ಇತ್ತ ಕೊಟ್ಟಿದ್ದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಸಿಟ್ಟೋ ಸಮಾಧಾನವೋ, ಆ ಕಾಯಿಲೆಯ ಮುಖದಲ್ಲಿ ಓದಲಾಗುವುದಿಲ್ಲ. ತುಟಿ ಅಲ್ಲಾಡಿತು. ನಾನು ಇನ್ನಷ್ಟು ಬಗ್ಗಿದೆ.

"ಬೈದದ್ದು ದೊಡ್ಡಕ್ಕೆ" ಎಂದರು, ಒಂದೊಂದೇ ಮಾತು ಉಸಿರಿನಲ್ಲಿ ಎಳೆದು. "ಇದು... ಸಣ್ಣಕ್ಕಾ?"

ನನಗೆ ಕಿವಿಯೆಲ್ಲ ಬಿಸಿಯಾಯಿತು. ನೆಟ್ಟಗೆ ನಿಂತೆ. ಭಾನುವಾರದ ಭೇಟಿಯ ಹೊತ್ತು, ವಾರ್ಡ್ ತುಂಬ ಜನ. ಶೀನಣ್ಣನ ತಂಗಿ, ಅಳಿಯ ಎಲ್ಲ ಇದ್ದರು. ಬಾಗಿಲಲ್ಲಿ ಸೂಪರಿಂಟೆಂಡೆಂಟರೂ ಬಂದು ನಿಂತಿದ್ದರು. ಮಂಗಳವಾರ ನಿಂತ ಜಾಗಕ್ಕೇ ಹೋಗಿ ನಿಂತೆ.

"ಎಲ್ಲರೂ ಸ್ವಲ್ಪ ಕೇಳಿ!" ಎಂದು ಕೂಗಿದೆ. "ಮೊನ್ನೆ ಇಲ್ಲಿ ನಿಂತು ನಾನು ಜಲಜಕ್ಕನಿಗೆ ಬೈದಿದ್ದೇನೆ. ಇವರು ಕೊಟ್ಟ ಮಾತ್ರೆಯಿಂದ ಶೀನಣ್ಣನಿಗೆ ಏನೂ ಆಗಲಿಲ್ಲ. ನಾನು ಮಾತ್ರೆ ಕಿತ್ತುಕೊಂಡದ್ದರಿಂದ ಆದದ್ದು. ತಪ್ಪು ನನ್ನದು. ಇವರದ್ದಲ್ಲ!"

ಸೂಪರಿಂಟೆಂಡೆಂಟರು ತಿರುಗಿ ಹೊರಟುಹೋದರು. ಶೀನಣ್ಣನ ತಂಗಿ ನೆಲ ನೋಡುತ್ತಿದ್ದರು.

ಜಲಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮೂರು ದಿನದಿಂದ ಕೂತಿದ್ದ ಕಾಲುಗಡೆಯನ್ನು ಬಿಟ್ಟು, ಸ್ಟೂಲನ್ನು ಎಳೆದುಕೊಂಡು ಹೋಗಿ, ಗಂಡನ ತಲೆಯ ಹತ್ತಿರ ಕೂತರು.